ರೊಟ್ಟಿ ಮ್ಯಾಲಿನ ಫಾರ್ಮು

ಭಾಂಡುಪ್, ಮಂಗಳವಾರ ಮುಂಜಾನೆ

ಶ್ರೀಶೈಲಗ ನಿಮ್ಮವ್ವನ ಆಶೀರ್ವಾದ, ಸಿಟ್ಟು ಬಂದಿದ್ರೂ.

ಮನ್ಯಾಗ ನಾ ಬಾಯಿ ತೆಗೆದ್ರ ನೀ ಎದ್ದು ಗ್ಯಾಲರಿಗೆ ಹೋಗ್ತಿ. ಅದಕ್ಕ ಈ ಚೀಟಿ ನಿನ್ನ ಡಬ್ಬಿಯಾಗ ರೊಟ್ಟಿ ಮ್ಯಾಲ ಇಟ್ಟೀನಿ. ಮೊದಲು ಓದು, ಆಮ್ಯಾಲ ಉಣ್ಣು.

ಓಂಕಾರನ ಲಸಿಕೆ ಫಾರ್ಮಿಗೆ ನೀ ಸಹಿ ಹಾಕಲಿಲ್ಲ. "ಹೆಣ್ಮಕ್ಕಳ ಇಂಜೆಕ್ಷನ್ ನನ್ನ ಮಗಗ ಯಾಕ? ಮಂದಿ ಏನಂದಾರು?" ಅಂತ ಹೆಂಡತಿ ಮ್ಯಾಲ ಒದರಿದಿ. ನೀ ಹಾಕದ ಆಕಿನೂ ಹಾಕಾಂಗಿಲ್ಲಂತ. ಆ ಮಂದಿಗೆ ನಿನಕಿಂತ ಮೊದಲು ಅಂಜಿದಾಕಿ ನಾನು.

ನಿಮ್ಮಕ್ಕ ಕಸ್ತೂರಿ ಮೈ ಹಳದಿ ಆಗೋ ಕಾಮಣಿಯಿಂದ ಸತ್ತಳು ಅಂತ ನಿನಗ ಹೇಳಿದ್ದೆ. ಸುಳ್ಳು. ಆಕಿಗೆ ಗರ್ಭಚೀಲದ ಬಾಯಿಗೆ ಕ್ಯಾನ್ಸರ್ ಆಗಿತ್ತು. ಹೆಸರು ಹೇಳಿದ್ರ ಆಕಿ ನಡತಿ ಆಡ್ಕೋತಾರ ಅಂತ ಎಲ್ಲಾರ ಮುಂದ ಕಾಮಣಿ ಅಂದೆ. ನೋಡಾಕ ಬಂದವರು ಕಾಮಣಿಗೆ ಚಲೋ ಅಂತ ಕಬ್ಬಿನ ಹಾಲು ತಂದ್ರು. ನನ್ನ ಮಾನ ಉಳಿಸಾಕ ಆಕಿ ಸುಮ್ಮನ ಕುಡಿದಳು.

ಆ ಕ್ಯಾನ್ಸರ್ ತರೋ ವೈರಸ್ ತಡಿಯಾಕ ಈ ಲಸಿಕೆ. ಆ ವೈರಸ್ ಗಂಡಸರ ಮೈಯಾಗೂ ಇರ್ತೈತಿ, ಗೊತ್ತಾಗದಂಗ ಹೆಂಡತಿಗೆ ಹತ್ತತೈತಿ, ಗಂಡಸರಿಗೂ ಗಂಟಲ ಕ್ಯಾನ್ಸರ್ ತರಬಹುದು ಅಂತ ದವಾಖಾನಿ ಡಾಕ್ಟರಮ್ಮ ಹೇಳ್ಯಾಳ. ಹೆಣ್ಮಕ್ಕಳ ಇಂಜೆಕ್ಷನ್ನಂತ! ಹೆಣ್ಮಕ್ಕಳಿಗೆ ಅದೇನು ನಳದ ನೀರಾಗ ಬರ್ತೈತೇನೋ ಶಾಣ್ಯಾ?

ಫಾರ್ಮು ಈ ಚೀಟಿ ಕೆಳಗ ಐತಿ. ಸಹಿ ಮಾಡಿ ಖಾಲಿ ಡಬ್ಬಿಯಾಗ ಹಾಕಿ ಡಬ್ಬಾವಾಲಾನ ಕೈಯಾಗ ಕಳಿಸು. ಸಂಜಿ ಏಳಕ್ಕ ಹುಡುಗನ್ನ ನಾನ ದವಾಖಾನಿಗೆ ಕರ್ಕೊಂಡು ಹೋಗ್ತೀನಿ. ಬಿಲ್ಡಿಂಗಿನ ಮಂದಿ ಯಾಕಂತ ಕೇಳಿದ್ರ, ಕಸ್ತೂರಿ ಹೆಸರೂ ಆಕಿ ರೋಗದ ಹೆಸರೂ ನಾನ ಹೇಳ್ತೀನಿ. ನೀ ಸಹಿ ಅಷ್ಟ ಹಾಕು.

ನಿಮ್ಮವ್ವ,
ಸಿದ್ದವ್ವ