ಶುಕ್ರವಾರದ ರೀಸ್ಟಾರ್ಟ್

ಐಂಡ್‌ಹೋವನ್
ಜನವರಿ ೨೦೨೧

ಮಾನ್ಯ ನಂಜುಂಡಸ್ವಾಮಿಯವರಿಗೆ,

ಲಾಕ್‌ಡೌನಿನಲ್ಲಿ ನಾವೆಲ್ಲ ಮನೆಯಿಂದಲೇ ಬಳಸುತ್ತಿರುವ ಲ್ಯಾಬಿನ ಲಿನಕ್ಸ್ ಕಂಪ್ಯೂಟರನ್ನು ಶುಕ್ರವಾರ ರೀಸ್ಟಾರ್ಟ್ ಮಾಡುವುದಾಗಿ ಮೇಲ್ ಕಳಿಸಿದ್ದೀರಿ. ದಯವಿಟ್ಟು ಒಂದು ವಾರ ಮುಂದೂಡಿ. ಅದರಲ್ಲಿ ಪಿಎಚ್‌ಡಿ ವಿದ್ಯಾರ್ಥಿ ಶರಣಬಸುವಿನ ಪ್ರೋಗ್ರಾಂ ಓಡುತ್ತಿದೆ. ನಡುವೆ ನಿಂತರೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು.

ಅವನೇ ನಿಮ್ಮನ್ನು ಕೇಳಬೇಕಿತ್ತು, ಆದರೆ ಕೋವಿಡ್ ಆಗಿ ಆಸ್ಪತ್ರೆಯಲ್ಲಿದ್ದಾನೆ. ಚೇತರಿಸಿಕೊಂಡನೆಂದು ನಿನ್ನೆ ಆಕ್ಸಿಜನ್ ನಿಲ್ಲಿಸಿದರು. ಫೋನ್ ಮಾಡಿ ಮೊದಲು ಕೇಳಿದ್ದೇ, "ಅಕ್ಕಾರ, ನನ್ ಪ್ರೋಗ್ರಾಂ ಇನ್ನಾ ಓಡಾಕತ್ತೈತೇನ್ರಿ?"

"ಓಡಾಕತ್ತೈತಿ. ನೀ ಮೊದಲ ಸೂಪ್ ಕುಡಿ" ಅಂದೆ.

ನೀವು ಅಡ್ಮಿನ್ ಪಾಸ್‌ವರ್ಡ್ ಕೊಡಲಿಲ್ಲವೆಂಬ ಸಿಟ್ಟು ನನಗಿನ್ನೂ ಇದೆ. ಅದು ಬೇರೆ ಮಾತು. ಪಾಸ್‌ವರ್ಡ್ ಇಲ್ಲದವರು ಇನ್ನೊಬ್ಬರ ಪ್ರೋಗ್ರಾಮಿಗೆ ವೇಗ ಕೊಡಲಾರರು, ತಮ್ಮದನ್ನು ನಿಧಾನ ಮಾಡಿಕೊಳ್ಳಬಹುದು, ಅಷ್ಟೇ. ಅವನದು ಬೇಗ ಓಡಲೆಂದು ಸೋಮವಾರ ನನ್ನದನ್ನು ನಿಧಾನ ಮಾಡಿದೆ. ಯಾರಿಗೂ ನಾನು ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ನೋಡಿದರೆ ಲ್ಯಾಬಿನ ಎಲ್ಲರ ಕೆಲಸವೂ ಬದಿಗೆ ಸರಿದು ಅವನಿಗೆ ದಾರಿ ಬಿಟ್ಟಿದೆ.

ನಮ್ಮ ಕೈಲಿದ್ದದ್ದು ಇಷ್ಟು. ಶುಕ್ರವಾರ ನಿಮ್ಮ ಕೈಲಿದೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಭಾಗೀರಥಿ ಹೂಗಾರ