ಹವಳ ಸತ್ತಿದ್ದು ಅಜ್ಜಿ ಹೂವಿನಿಂದಲ್ಲ

ಸರಿನಿ ಅಕ್ಕಾ,

ತೊಟ್ಟಿಯ ಹವಳದ ತುಂಡುಗಳು ಬೆಳ್ಳಗಾಗಿದ್ದು ಅಜ್ಜಿ ಪೂಜೆಗೆ ಅಂತ ತೆಂಗಿನಗರಿ ತಟ್ಟೇಲಿ ತೊಟ್ಟಿ ಮೇಲಿಟ್ಟ ಹೂವಿನಿಂದ ಅಲ್ಲ. ವಿಲನ್ ನಾನೇ. ಆವಿಯಾದಷ್ಟು ಸಿಹಿನೀರು ತುಂಬು ಅಂತ ನೀನು ಹೇಳಿದ್ದೆ. ಮೇಡೆ ಮಾಮನ ಮನೆಯಿಂದ ಅದನ್ನ ಹೊತ್ತು ತರೋಕೆ ಸೋಮಾರಿತನ ಆಗಿ, ನಾನು ವಾರವೆಲ್ಲಾ ಸಮುದ್ರದ ನೀರೇ ಸುರಿದೆ. ಉಪ್ಪು ಏರಿಬಿಡ್ತು.

ಒಂದು ಬಕೆಟ್ ಉಪ್ಪುನೀರು ತೆಗೆದಿದೀನಿ. ಗಂಟೆಗೊಂದು ಚೊಂಬು ಸಿಹಿನೀರು ಹಾಕು, ಒಂದೇ ಸಲ ಸುರೀಬೇಡ. ನೇರಳೆ ತುಂಡುಗಳಿಗೆ ಇನ್ನೂ ಜೀವ ಇದೆ, ಎಸೀಬೇಡ. ಇನ್ನಷ್ಟು ಸಿಹಿನೀರು ತರೋಕೆ ಮಾಮನ ಮನೆಗೆ ಹೋಗಿದೀನಿ.

ನಿನ್ನೆ ನೀನು "ನಿನ್ನ ಹೂವೇ ಕೊಂದಿದ್ದು, ಮುದುಕಿ!" ಅಂತ ಕೂಗಾಡಿದಾಗ, ನಾನು ಹೀರೋ ಥರ "ನಿಲ್ಸು!" ಅನ್ನಬೇಕಿತ್ತು. ಕನ್ನಡಿ ಮುಂದೆ ನೂರು ಡೈಲಾಗ್ ಹೊಡೆಯೋ ಬಾಯಿ, ಕರಿದ ಬಾಳೆಹಣ್ಣು ನುಂಗ್ತಾ ಕೂತಿತ್ತು.

ಇವತ್ತು ಅಜ್ಜಿ ಮನೆಯೆಲ್ಲಾ ಹೂವಿಟ್ಟಳು, ತೊಟ್ಟಿ ಹತ್ರ ಮಾತ್ರ ಇಡಲಿಲ್ಲ. ಮೊದಲು ಅವಳ ಹತ್ರ ಹೋಗು, ನನಗೆ ಒದೆಯೋದು ಆಮೇಲೆ. ಸಮುದ್ರದಿಂದ ನಾನು ಬಕೆಟ್ ತರೋದನ್ನ ದಿನಾ ನೋಡಿದ್ದಳು ಅಕ್ಕಾ. ನೀನು ಕೂಗಾಡಿದಾಗಲೂ ಅವಳು ನನ್ನ ಹೆಸರು ಹೇಳಲಿಲ್ಲ.

ವಿರಾ