ನಾನು ಬೇರೆ, ಕಂಪನಿ ಬೇರೆ

ಶಹಾಪುರ, ಮಾರ್ಚ್ ೨೦, ಗುರುವಾರ

ಗೆದ್ದು ಬಂದವನಿಗೆ ಇಷ್ಟು ದಣಿವೇಕೋ. ಗುರುದೇವಿ ಹೂಡಿದ ದಾವೆಯಿಂದ ಸುರಪುರದ ಕೋರ್ಟು ಇವತ್ತು ನನ್ನ ಹೆಸರು ಕೈಬಿಟ್ಟಿತು. ಅವಳ ಮೆಣಸಿನಕಾಯಿ ಕೊಳ್ಳುವ ಕರಾರು ಮುರಿದದ್ದು ಕಂಪನಿಯಂತೆ; ನಿರ್ದೇಶಕನಾಗಿ ಸಹಿ ಹಾಕಿದ ನಾನು ಹೊಣೆಯಲ್ಲವಂತೆ. ಆ ಕಂಪನಿ ಈಗ ಬೀಗ ಜಡಿದ ಒಂದು ಕೋಣೆ; ಅವಳಿಗೆ ಕೊಡಲು ಅಲ್ಲಿ ಬಿಡಿಗಾಸೂ ಇಲ್ಲ.

ಕರಾರಿನ ದಿನ ಅವಳು ಹಾಳೆ ಓದಲು ಕನ್ನಡಕ ಹುಡುಕುತ್ತಿದ್ದಳು. "ನಾ ಅದೀನಲ್ಲ ಯಕ್ಕಾ, ಸಹಿ ಮಾಡು" ಎಂದವನು ನಾನೇ. ಅದನ್ನು ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅವಳೇ ಚೀಲ ಸರಿಸಿ ಜಾಗ ಕೊಟ್ಟಳು. "ಕುಂದರ್ರಿ ಸಾಹೇಬ್ರ. ನೀವು ಬ್ಯಾರೆ, ಕಂಪನಿ ಬ್ಯಾರೆ ಅಂತ ಜಡ್ಜ್ ಸಾಹೇಬ್ರು ಅಂದಾರಲ್ಲ."

ಕುಹಕವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. ಅಂದು ನನ್ನ ಮಾತು ನಂಬಿದ ಹಾಗೆಯೇ ಇದನ್ನೂ ನಂಬಿದ್ದಾಳೆ.